ಮನೆ ನಿಮ್ಮದು, ನೆರಳು ಬೀದಿಯದು

ಮೈಸೂರಿನ ಒಬ್ಬ ನಿವೃತ್ತ ಮೇಷ್ಟ್ರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿದ್ದಾರೆ, ಹಾಕುವುದಿಲ್ಲ. ಊರಿನ ಪ್ರತಿ ಕಟ್ಟಡದ ವಿವರವೂ ಎಲ್ಲರಿಗೂ ಪುಕ್ಕಟೆ ಸಿಗಬೇಕು ಎಂದು ಹೋದ ಸಂಚಿಕೆಯಲ್ಲಿ ಬರೆದಿದ್ದೆ. ಕಟ್ಟಿದ ವರ್ಷ, ಮಹಡಿ ಎಷ್ಟು, ಒಳಗೆ ಏನು ನಡೆಯುತ್ತದೆ, ನಕ್ಷೆ ಮಂಜೂರಾಗಿದ್ದು ಎಷ್ಟಕ್ಕೆ, ಇಷ್ಟು. ಮೇಷ್ಟ್ರಿಗೆ ಅದು ಹಿಡಿಸಿಲ್ಲ. ಅವರ ಮಾತು ಹೀಗಿದೆ:

"ನನ್ನ ಮನೆ ಎಷ್ಟು ಚದರ, ಯಾವಾಗ ಕಟ್ಟಿದ್ದು ಅಂತ ದಾರಿಯಲ್ಲಿ ಹೋಗುವವನಿಗೆ ಯಾಕೆ ಬೇಕು? ತೆರೆದಿಟ್ಟರೆ ಮೊದಲು ಓದುವವನು ದಲ್ಲಾಳಿ. ಬಡವನಿಗೆ ಅದರಿಂದ ಏನೂ ಸಿಗುವುದಿಲ್ಲ. ಹಾಲೆಂಡು, ನ್ಯೂಯಾರ್ಕಿನ ಕಥೆ ಹೇಳಿ ನಮ್ಮನ್ನು ಮರುಳು ಮಾಡಬೇಡಿ."

ಮೇಷ್ಟ್ರೇ, ನಿಮ್ಮ ಅಂಜಿಕೆ ಸುಮ್ನೆ ಹುಟ್ಟಿದ್ದಲ್ಲ. ನಮ್ಮ ರಾಜ್ಯದಲ್ಲೇ ಅದಕ್ಕೆ ಉದಾಹರಣೆ ಇದೆ. ಭೂಮಿ ಯೋಜನೆ ಬಂದಾಗ ಸುಮಾರು 67 ಲಕ್ಷ ರೈತರ 2 ಕೋಟಿ ಜಮೀನು ದಾಖಲೆಗಳು ಕಂಪ್ಯೂಟರಿಗೆ ಹೋದವು. ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುವಂತಾಯಿತು. ಇಡೀ ದೇಶ ಹೊಗಳಿತು. ಆದರೆ ಬೆಂಗಳೂರಿನ ಸುತ್ತ ಇದರಿಂದ ಹೆಚ್ಚು ಲಾಭವಾಗಿದ್ದು ದೊಡ್ಡ ಪ್ರಮಾಣದಲ್ಲಿ ಜಮೀನು ಕೊಳ್ಳುವವರಿಗೆ ಎಂದು 2007ರಲ್ಲಿ ಸಂಶೋಧಕರ ಒಂದು ತಂಡ ಬರೆಯಿತು. ಒಪ್ಪುತ್ತೇನೆ. ಮಾಲೀಕರ ಹೆಸರು, ಫೋನ್ ನಂಬರ್, ಸಾಲದ ಲೆಕ್ಕ ಯಾವುದೂ ಬೀದಿಗೆ ಬರಬೇಕಿಲ್ಲ. ನ್ಯೂಯಾರ್ಕ್ ನಗರ ತೆರೆದಿಟ್ಟಿರುವ ನಿವೇಶನಗಳ ಪಟ್ಟಿಯಲ್ಲಿ ಮಾಲೀಕರ ಹೆಸರೂ ಇರುತ್ತದೆ. ನಮಗೆ ಅದು ಬೇಡ.

ಇನ್ನು ನನ್ನ ಮಾತು ಕೇಳಿ. ದಲ್ಲಾಳಿಗೆ ನಿಮ್ಮ ಬೀದಿಯ ವಿವರ ಈಗಲೇ ಗೊತ್ತಿದೆ. ಯಾವ ಸೈಟು ಎ ಖಾತಾ, ಯಾವುದು ಬಿ ಖಾತಾ, ಯಾವ ಮನೆಯ ಅಣ್ಣತಮ್ಮಂದಿರು ಕೋರ್ಟಿಗೆ ಹೋಗಿದ್ದಾರೆ, ಯಾವ ಲೇಔಟಿನ ಅಡಿಯಲ್ಲಿ ರಾಜಕಾಲುವೆ ಇದೆ, ಎಲ್ಲ ಗೊತ್ತು. ಅವನ ಸಂಪಾದನೆಯೇ ಅದು. ಗೊತ್ತಿಲ್ಲದಿರುವುದು ಹೆಂಡತಿಯ ಒಡವೆ ಮಾರಿ 30x40 ಸೈಟು ಕೊಳ್ಳಲು ಬಂದ ಗುಮಾಸ್ತನಿಗೆ. ಕರ್ನಾಟಕ ಸರ್ಕಾರದ ದಿಶಾಂಕ್ ಆ್ಯಪ್ ಇದೆಯಲ್ಲ, ಅದನ್ನು ತೆರೆದರೆ ನಿಂತ ನೆಲದ ಸರ್ವೆ ನಂಬರ್ ತೋರಿಸುತ್ತದೆ, ಕೆರೆ ಕಾಲುವೆ ತೋರಿಸುತ್ತದೆ. ಅದನ್ನು ನೋಡಿ ಮುಂಗಡ ಕೊಡದೆ ವಾಪಸ್ ಬಂದವರು ನನ್ನ ಬಳಗದಲ್ಲೇ ಇಬ್ಬರಿದ್ದಾರೆ. ಮುಚ್ಚಿಟ್ಟ ಮಾಹಿತಿ ದಲ್ಲಾಳಿಯ ಬಂಡವಾಳ, ಮೇಷ್ಟ್ರೇ. ತೆರೆದಿಟ್ಟರೆ ಕಡಿಮೆಯಾಗುವುದು ಅವನ ಕಮಿಷನ್.

ಹಾಲೆಂಡಿನ ಕಥೆ ಬೇಡ ಎಂದಿರಿ. ನಾನು ಹೇಳದೆ ಬಿಡುವುದಿಲ್ಲ, ಏಕೆಂದರೆ ನಿಮ್ಮ ಅಂಜಿಕೆಗೆ ಉತ್ತರ ಅಲ್ಲೇ ಇದೆ. ನೆದರ್‌ಲೆಂಡ್ಸ್‌ನಲ್ಲಿ 2009ರಿಂದ ಬಾಗ್ ಎಂಬ ಪಟ್ಟಿ ಇದೆ. ದೇಶದ ಪ್ರತಿ ಕಟ್ಟಡಕ್ಕೂ 16 ಅಂಕಿಯ ಒಂದು ಸಂಖ್ಯೆ. ಅದರ ಎದುರು ಕಟ್ಟಿದ ವರ್ಷ, ಬಳಕೆ, ವಿಸ್ತೀರ್ಣ. ಆಯಾ ಊರಿನ ನಗರಸಭೆಯೇ ಇದನ್ನು ನೋಡಿಕೊಳ್ಳಬೇಕು. ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಮಾಲೀಕರ ಹೆಸರು ಅದರಲ್ಲಿಲ್ಲ! ಅದು ಬೇರೆ ದಫ್ತರ, ದುಡ್ಡು ಕೊಟ್ಟು ಕೇಳಬೇಕು. ಕಟ್ಟಡದ ಗುಟ್ಟು ಬೇರೆ, ಮನೆಯವರ ಗುಟ್ಟು ಬೇರೆ ಎಂದು ಅವರು ಗೆರೆ ಎಳೆದಿದ್ದಾರೆ. ನಾನು ಕೇಳುತ್ತಿರುವುದೂ ಇಷ್ಟೇ.

2013ರಲ್ಲಿ ಆಮ್ಸ್ಟರ್‌ಡ್ಯಾಮಿನ ಒಂದು ಸಂಸ್ಥೆ ಈ ಪಟ್ಟಿಯಿಂದ ನಕಾಶೆ ಮಾಡಿತು. 98,66,539 ಕಟ್ಟಡ, ಪ್ರತಿಯೊಂದಕ್ಕೂ ಹುಟ್ಟಿದ ವರ್ಷಕ್ಕೆ ತಕ್ಕ ಬಣ್ಣ. ನಾನು ಆ ನಕಾಶೆಯ ಮುಂದೆ ಒಂದು ರಾತ್ರಿ ಪೂರ್ತಿ ಕುಳಿತಿದ್ದೆ. ರಾಟರ್‌ಡ್ಯಾಮ್ ಊರಿನ ನಡುಭಾಗಕ್ಕೆ ಹೋದರೆ ಹಳೆಯ ಬಣ್ಣ ತೀರಾ ಕಡಿಮೆ. ಉಳಿದ ಹೆಚ್ಚಿನ ಊರುಗಳಲ್ಲಿ ನಡುಭಾಗವೇ ಎಲ್ಲಕ್ಕಿಂತ ಹಳೆಯದು, ಇಲ್ಲಿ ತಿರುವುಮುರುವು. 1940ರ ಮೇ 14ರಂದು ಜರ್ಮನ್ ವಿಮಾನಗಳು ಬಾಂಬ್ ಹಾಕಿದ ಜಾಗ ಅದು. ನಕಾಶೆ ಮಾಡಿದವರು ಯುದ್ಧದ ಬಗ್ಗೆ ಒಂದಕ್ಷರ ಬರೆದು ತೋರಿಸಬೇಕಾಗಿಲ್ಲ. ಬರೀ ಕಟ್ಟಿದ ವರ್ಷಗಳನ್ನು ಹರಡಿಟ್ಟರೆ ಸುಟ್ಟ ಊರು ತಾನೇ ಎದ್ದು ಕಾಣುತ್ತದೆ.

ನನ್ನ ಮನಸ್ಸಿನಲ್ಲಿ ಇನ್ನೂ ಜಾಸ್ತಿ ಉಳಿದದ್ದು ಒಂದು ಸಣ್ಣ ಸಂಖ್ಯೆ, 1005. ಆಮ್ಸ್ಟರ್‌ಡ್ಯಾಮಿನ ಪಟ್ಟಿಯಲ್ಲಿ ಕೆಲವು ಕಟ್ಟಡಗಳ ಮುಂದೆ ಕಟ್ಟಿದ ವರ್ಷ 1005 ಎಂದಿರುತ್ತದೆ. ಆ ಊರಿನ ಹೆಸರು ದಾಖಲೆಯಲ್ಲಿ ಮೊದಲು ಸಿಗುವುದೇ 1275ರಲ್ಲಿ. ಅಲ್ಲಿ 1005 ಎಂದರೆ 'ನಮಗೆ ಗೊತ್ತಿಲ್ಲ' ಎಂದು ಅರ್ಥ. ಗೊತ್ತಿಲ್ಲ ಎಂಬುದನ್ನೂ ಬರೆದು, ಎಲ್ಲರ ಕಣ್ಣಿಗೆ ಬೀಳುವಂತೆ ಇಟ್ಟಿದ್ದಾರೆ. ನೀವು ಮೂವತ್ತು ವರ್ಷ ಹಾಜರಿ ಪುಸ್ತಕ ಬರೆದವರು. ಬಾರದ ಹುಡುಗನ ಹೆಸರಿನ ಮುಂದೆ ಜಾಗ ಖಾಲಿ ಬಿಡುವುದಕ್ಕೂ, ಗೈರು ಎಂದು ಗುರುತು ಹಾಕುವುದಕ್ಕೂ ಇರುವ ವ್ಯತ್ಯಾಸ ನಿಮಗೆ ನಾನು ಹೇಳಿಕೊಡಬೇಕೇ?

ಬಡವನಿಗೆ ಏನು ಸಿಗುತ್ತದೆ ಎಂದು ಕೇಳಿದಿರಿ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿಯಿತು. 19 ಜನ ಸತ್ತರು. 2024ರ ಅಕ್ಟೋಬರಿನ ಮಳೆಯಲ್ಲಿ ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಇನ್ನೊಂದು ಬಿತ್ತು. ಅಲ್ಲಿ ಸತ್ತವರು ದುಡಿಯಲು ಬಂದ ಕೂಲಿಯವರು. ಅನುಮತಿ ಎಷ್ಟು ಮಹಡಿಗೆ ಇತ್ತು ಎಂಬ ಪ್ರಶ್ನೆ ನಮ್ಮಲ್ಲಿ ಹೆಣ ತೆಗೆದ ಮೇಲೆ ಏಳುತ್ತದೆ. ಮೂರನೇ ಮಹಡಿಯ ಮೇಲೆ ನಾಲ್ಕನೆಯದಕ್ಕೆ ಸೆಂಟ್ರಿಂಗ್ ಕಟ್ಟುವಾಗಲೇ ಎದುರು ಮನೆಯವರು ಫೋನಿನಲ್ಲಿ ನೋಡಿ ಕೇಳುವಂತಿದ್ದರೆ? ನಿಮ್ಮ ಊರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಬಿದ್ದಾಗ ಕೆಳಗಿದ್ದವರು ಯಾರು? ಅಂಗಡಿ ಬೀದಿಯ ಸಾಮಾನ್ಯ ಜನ. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಮುಂಬೈಯಲ್ಲಿ ಮಹಾರಾಷ್ಟ್ರ ಸರ್ಕಾರದ ವಸತಿ ಪ್ರಾಧಿಕಾರವಾದ ಮ್ಹಾಡಾ ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ತೀರಾ ಅಪಾಯದ ಕಟ್ಟಡಗಳ ಪಟ್ಟಿಯನ್ನು ಹೆಸರು ವಿಳಾಸ ಸಮೇತ ಪ್ರಕಟಿಸುತ್ತದೆ. ಅಷ್ಟರಿಂದ ಎಲ್ಲರೂ ಉಳಿಯುವುದಿಲ್ಲ, ನಿಜ. ಆದರೆ ಬಾಡಿಗೆದಾರನಿಗೆ ತಾನು ಎಂಥ ಸೂರಿನ ಕೆಳಗೆ ಮಲಗಿದ್ದೇನೆ ಎಂಬುದಾದರೂ ತಿಳಿಯುತ್ತದೆ.

ನನ್ನದೇ ಒಂದು ಅನುಭವ ಹೇಳುತ್ತೇನೆ. ನಾವಿರುವ ಬೀದಿಯಲ್ಲಿ ಒಂದು ಸಣ್ಣ ಸೈಟಿನಲ್ಲಿ ಐದು ಮಹಡಿ ಎದ್ದಿತು. ಸುತ್ತ ಬಿಡಬೇಕಾದ ಜಾಗ, ಅಂದರೆ ಸೆಟ್‌ಬ್ಯಾಕ್, ಒಂದು ಅಡಿಯೂ ಬಿಟ್ಟಿಲ್ಲ. ಪಕ್ಕದ ಮನೆಯ ಗೋಡೆ ಬಿರುಕು ಬಿಟ್ಟಿತು. ಅಲ್ಲಿರುವುದು ಒಬ್ಬ ಮುದುಕಿ, ಒಬ್ಬರೇ. ಅವರ ಪರವಾಗಿ ನಾನು ಒಂದು ಕಚೇರಿಗೆ ನಾಲ್ಕು ಸಲ ಹೋದೆ. ಒಂದು ಸಲ ಫೈಲು ಮೇಲಿನ ವಿಭಾಗದಲ್ಲಿತ್ತು. ಒಂದು ಸಲ ಸಂಬಂಧಪಟ್ಟವರು ರಜೆ. ಕೊನೆಗೆ, 'ನಿಮಗೂ ಆ ಕಟ್ಟಡಕ್ಕೂ ಏನು ಸಂಬಂಧ?' ಎಂದರು. ನಿಮ್ಮ ಪತ್ರದಲ್ಲಿ ಅದೇ ಪ್ರಶ್ನೆ ಕಂಡಾಗ ನನಗೆ ನೋವಾಯಿತು, ಮೇಷ್ಟ್ರೇ. ಆ ಕಟ್ಟಡದ ನೆರಳು ನಮ್ಮ ಮೇಲೆ ಬೀಳುತ್ತದೆ. ಅದರ ಚರಂಡಿ ನೀರು ನಮ್ಮ ಪೈಪಿಗೆ ಬರುತ್ತದೆ. ಬೆಂಕಿ ಬಿದ್ದರೆ ನಮ್ಮ ಮನೆಗೇ ಮೊದಲು ತಾಗುತ್ತದೆ. ಇದಕ್ಕಿಂತ ಸಂಬಂಧ ಇನ್ನೇನು ಬೇಕು?

ನ್ಯೂಯಾರ್ಕಿನವರೂ ಒಳ್ಳೆಯ ಮಾತಿಗೆ ಕೊಟ್ಟವರಲ್ಲ. ಪ್ರತಿ ನಿವೇಶನದ ಪಟ್ಟಿಯನ್ನು ಅಲ್ಲಿನ ನಗರ ಯೋಜನಾ ಇಲಾಖೆ ದುಡ್ಡಿಗೆ ಮಾರುತ್ತಿತ್ತು. ಜನ ಬಿಡದೆ ಕೇಳಿದ ಮೇಲೆ 2013ರಲ್ಲಿ ಪುಕ್ಕಟೆಯಾಯಿತು. 2009ರ ಕಾನೂನಿನಿಂದ ಮೊದಲು 50,000, ಈಗ 25,000 ಚದರಡಿ ಮೀರಿದ ಕಟ್ಟಡಗಳು ವರ್ಷಕ್ಕೆ ಎಷ್ಟು ಇಂಧನ, ನೀರು ಬಳಸಿದವು ಎಂದು ವರದಿ ಕೊಡಲೇಬೇಕು. ಈಗ ದೊಡ್ಡ ಕಟ್ಟಡಗಳ ಬಾಗಿಲ ಬಳಿ ಇಂಧನ ಬಳಕೆಯ ದರ್ಜೆಯನ್ನು ಅಂಟಿಸುತ್ತಾರೆ. ಬೇಸಿಗೆಯಲ್ಲಿ ಟ್ಯಾಂಕರ್ ಕಾಯುವ ನಮ್ಮ ಊರುಗಳಲ್ಲಿ ಯಾವ ಕಟ್ಟಡ ಎಷ್ಟು ನೀರು ಎಳೆಯುತ್ತದೆ ಎಂದು ತಿಳಿದರೆ ಬೇಡ ಅನ್ನುತ್ತೀರಾ?

ಉಪಗ್ರಹದ ಚಿತ್ರ ಸಾಲದೇ ಎಂದು ಕೆಲವು ಗೆಳೆಯರು ಕೇಳುತ್ತಾರೆ. ಗೂಗಲ್‌ನವರು ಚಿತ್ರಗಳಿಂದ ಯಂತ್ರದ ಮೂಲಕ ಗುರುತಿಸಿದ ಸುಮಾರು 180 ಕೋಟಿ ಕಟ್ಟಡಗಳ ಆಕಾರವನ್ನು ಪುಕ್ಕಟೆ ಕೊಟ್ಟಿದ್ದಾರೆ, ನಮ್ಮ ಊರುಗಳೂ ಅದರಲ್ಲಿವೆ. ಒಳ್ಳೆಯದೇ. ಆದರೆ ಯಂತ್ರಕ್ಕೆ ಕಾಣುವುದು ಸೂರು ಮಾತ್ರ. ವಠಾರದ ಎಂಟು ಮನೆ ಅದಕ್ಕೆ ಒಂದೇ ಮನೆ. ಒಂದು ಭಾನುವಾರ ನಾನು ಮತ್ತು ನಾಲ್ವರು ಕಾಲೇಜು ಹುಡುಗರು ನಮ್ಮ ಬೀದಿ ನಡೆದು, ಮಹಡಿ ಎಣಿಸಿ, ಜನರೇ ಸೇರಿ ಬರೆಯುವ ಪುಕ್ಕಟೆ ನಕಾಶೆ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಸೇರಿಸಿದೆವು. ಅದರಲ್ಲಿ ಕನ್ನಡ ಹೆಸರಿಗೆ ಬೇರೆ ಜಾಗವೇ ಇದೆ, ಬೀದಿಯ ಹೆಸರನ್ನು ಕನ್ನಡದಲ್ಲೇ ಬರೆದೆವು. ಬಿರುಕು ಬಿಟ್ಟ ಗೋಡೆಯ ಆ ಅಜ್ಜಿಯನ್ನು ಮನೆ ಯಾವಾಗ ಕಟ್ಟಿದ್ದು ಎಂದು ಕೇಳಿದೆ. 'ಗಾಂಧಿ ತೀರಿಕೊಂಡ ವರ್ಷ ಗೃಹಪ್ರವೇಶ ಆಯಿತು' ಎಂದರು. 1948 ಎಂದು ಬರೆದುಕೊಂಡೆ. ಯಾವ ಉಪಗ್ರಹ ಅದನ್ನು ಹೇಳುತ್ತದೆ?

ಇಲ್ಲಿಗೆ ಬಂದಾಗ ನನಗೆ ಸಿಟ್ಟು ಬರುವುದು ಇನ್ನೊಂದು ವಿಷಯಕ್ಕೆ. ನಮ್ಮ ಕಚೇರಿಗಳು ಮಾಹಿತಿ ಕೊಟ್ಟಾಗಲೂ ಕೊಡುವ ರೀತಿ ನೋಡಿ. ಮುದ್ರಿಸಿದ ಹಾಳೆಯನ್ನು ಓರೆಯಾಗಿ ಸ್ಕ್ಯಾನ್ ಮಾಡಿದ ಪಿಡಿಎಫ್. ಅದರಲ್ಲಿ ಒಂದು ಪದ ಹುಡುಕಲು ಆಗದು, ಒಂದು ಸಾಲು ಕೂಡಿಸಲು ಆಗದು. ಇಲ್ಲವೇ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಬರೆದ ಕನ್ನಡ. ನಕಲು ಮಾಡಿ ಅಂಟಿಸಿದರೆ ಕನ್ನಡ ಮಾಯವಾಗಿ ಯಾವುದೋ ಅರ್ಥವಿಲ್ಲದ ಚಿಹ್ನೆಗಳು ಬೀಳುತ್ತವೆ. ಯೂನಿಕೋಡ್ ಬಂದು ಎಷ್ಟು ಕಾಲವಾಯಿತು! ಉಳಿದ ಪಟ್ಟಿಗಳು ಇಂಗ್ಲಿಷಿನಲ್ಲಿ. ಕನ್ನಡ ಬಲ್ಲವನಿಗೆ ತನ್ನ ಬೀದಿಯ ವಿವರ ತನ್ನ ಭಾಷೆಯಲ್ಲಿ ಸಿಗುವುದಿಲ್ಲ.

ಇದು ಪರದೇಶದ ಬುದ್ಧಿ ಎನ್ನಬೇಡಿ. ನಮ್ಮ ಹಿರಿಯರು ಭೂಮಿ ದಾನ ಕೊಟ್ಟರೆ ಕಲ್ಲಿನಲ್ಲಿ ಕೊರೆಸಿ ಗುಡಿಯ ಮುಂದೆ, ಕೆರೆ ಏರಿಯ ಮೇಲೆ ನಿಲ್ಲಿಸುತ್ತಿದ್ದರು. ಮೂಡಲು ಯಾವ ಹಳ್ಳ, ಪಡುವಲು ಯಾವ ಮರ, ಎಲ್ಲೆ ಎಲ್ಲಿಗೆ ಮುಗಿಯುತ್ತದೆ, ಎಲ್ಲವೂ, ಬಹುತೇಕ ಕನ್ನಡದಲ್ಲಿ, ಬಿಸಿಲಿನಲ್ಲಿ, ದಾರಿಯಲ್ಲಿ ಹೋಗುವವನು ಓದುವಂತೆ. ಇತಿಹಾಸ ಸಂಶೋಧನೆಯ ಸಂಸ್ಥೆಯಾದ ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಆ ಕಲ್ಲುಗಳನ್ನು ಈಗ ಸ್ಕ್ಯಾನ್ ಮಾಡಿ ಎಲ್ಲರಿಗೂ ತೆರೆದಿಟ್ಟಿದ್ದಾರೆ. ಸಾವಿರ ವರ್ಷದ ಹಿಂದಿನ ಗದ್ದೆಯ ಎಲ್ಲೆ ನನಗೆ ಸಿಗುತ್ತದೆ. ಪಕ್ಕದ ಕಟ್ಟಡದ ಮಂಜೂರಾದ ನಕ್ಷೆ ಸಿಗುವುದಿಲ್ಲ.

ಮೇಷ್ಟ್ರೇ, ಒಂದು ಕೆಲಸ ಮಾಡಿಕೊಡುತ್ತೀರಾ? ನಿಮ್ಮ ಅಕ್ಷರ ಮುತ್ತಿನಂತಿದೆ, ಬೀದಿಯ ಹಳಬರೆಲ್ಲ ನಿಮ್ಮನ್ನು ಬಲ್ಲರು. ಒಂದು ಬೆಳಗ್ಗೆ ಮೊಮ್ಮಕ್ಕಳನ್ನು ಕರೆದುಕೊಂಡು ನಿಮ್ಮ ಬೀದಿಯ ಈ ತುದಿಯಿಂದ ಆ ತುದಿಗೆ ಹೋಗಿ ಬನ್ನಿ. ಎಷ್ಟು ಕಟ್ಟಡ, ಎಷ್ಟು ಮಹಡಿ, ಹಂಚೋ ಆರ್‌ಸಿಸಿಯೋ, ಯಾವ ವರ್ಷದ್ದು ಎಂದು ಬರೆದು ಕಳಿಸಿ. ಮಾಲೀಕರ ಹೆಸರು ಬೇಡ. ಮುಂದಿನ ಸಂಚಿಕೆಯಲ್ಲಿ ಒಂದು ಪುಟ ನಿಮಗಾಗಿ ಖಾಲಿ ಇಟ್ಟಿದ್ದೇನೆ. ವರ್ಷ ತಿಳಿಯದ ಮನೆಯ ಮುಂದೆ 1005 ಎಂದು ಬರೆಯಿರಿ.