ಜೂಜಿನ ಚಟ ಇದೆ ಅಂತ ಗೊತ್ತಿದ್ದೂ ಸಹಾಯ ಯಾಕೆ ಕೇಳುವುದಿಲ್ಲ?

ನಿಮ್ಮ ತಮ್ಮ ಜೂಜಿನಲ್ಲಿ ಸಾಲ ಮಾಡಿಕೊಂಡಿದ್ದಾನೆ, ಅದು ಅವನಿಗೂ ಗೊತ್ತು, ಆದರೂ ಡಾಕ್ಟರ್ ಮಾತೆತ್ತಿದರೆ ಎದ್ದು ಹೋಗುತ್ತಾನೆ, ಯಾಕೆ ಅಂತ ಕೇಳಿದ್ದೀರಿ.

ನಾನು ಚಟ ಬಿಡಿಸುವ ಕಡೆ ಕೌನ್ಸೆಲರ್. ಎಲ್ಲರೂ ಹೇಳುವ ಕಾರಣ ನಾಚಿಕೆ. ಅದು ಸುಳ್ಳಲ್ಲ. ಆದರೆ ನಾನು ಕಂಡ ಮಟ್ಟಿಗೆ ಅದಕ್ಕಿಂತ ಗಟ್ಟಿ ತಡೆ ಇನ್ನೊಂದಿದೆ. ಇನ್ನಷ್ಟು ಕುಡಿದರೆ ಲಿವರ್ ಸರಿಹೋಗುತ್ತದೆ ಅಂತ ಯಾವ ಕುಡುಕನೂ ನಂಬುವುದಿಲ್ಲ. ಜೂಜಿನವರು ಮಾತ್ರ ಇನ್ನೊಂದು ಆಟದಲ್ಲೇ ಪರಿಹಾರ ಇದೆ ಅಂತ ನಂಬಿರುತ್ತಾರೆ. ಒಮ್ಮೆ ದೊಡ್ಡದಾಗಿ ಗೆದ್ದರೆ ಸಾಲ ತೀರುತ್ತದೆ, ಮನೆಯವರಿಗೆ ತಿಳಿಯುವ ಮೊದಲೇ ಎಲ್ಲ ಮುಚ್ಚಿಹೋಗುತ್ತದೆ ಅನ್ನುವ ಲೆಕ್ಕ. ಹಾಗಾಗಿ ಸಹಾಯ ಕೇಳುವುದು ಅಂದರೆ, ಹೋದ ದುಡ್ಡು ಇನ್ನು ಬರುವುದಿಲ್ಲ ಅಂತ ಒಪ್ಪಿಕೊಳ್ಳುವುದು. ಅದೇ ಅವರಿಗೆ ತಡೆಯಲಾಗದ ಮಾತು. ಗೆದ್ದ ದಿನ ಸಹಾಯ ಬೇಕು ಅನ್ನಿಸುವುದಿಲ್ಲ, ಸೋತ ದಿನ ಮುಖ ತೋರಿಸಲು ಆಗುವುದಿಲ್ಲ. ಸ್ವಲ್ಪದರಲ್ಲಿ ಕೈತಪ್ಪಿದ ಆಟ ಇನ್ನೂ ಅಪಾಯ. ಅದು ಸೋಲೇ ಆದರೂ 'ಹತ್ತಿರ ಬಂದಿದ್ದೆ' ಅನ್ನಿಸಿ ಮತ್ತೆ ಆಡಿಸುತ್ತದೆ.

'ನಾನೇ ಬಿಡ್ತೀನಿ' ಅನ್ನುವುದು ಇನ್ನೊಂದು. ಇದನ್ನು ಕೇಳಿ ನಗಬೇಡಿ. ಯಾರ ಸಹಾಯವೂ ಇಲ್ಲದೆ ಬಿಟ್ಟವರೂ ಇದ್ದಾರೆ. ಆದರೆ ಬಿಡ್ತೀನಿ ಅನ್ನುತ್ತಲೇ ಸಾಲ ಬೆಳೆಯುತ್ತಿದ್ದರೆ ಆ ಮಾತು ಬರೀ ಕಾಲ ತಳ್ಳುವ ದಾರಿ, ಅಲ್ವಾ?

ಇದು ಕಾಯಿಲೆ ಅಂತಲೇ ಎಷ್ಟೋ ಜನರಿಗೆ ಗೊತ್ತಿಲ್ಲ. ಬಾಯಿ ವಾಸನೆ ಇಲ್ಲ, ತೂರಾಡುವುದಿಲ್ಲ, ಕೈಯಲ್ಲೊಂದು ಮೊಬೈಲ್ ಅಷ್ಟೇ. ಅಮೆರಿಕದ ಮನೋವೈದ್ಯರ ಸಂಘ ತನ್ನ ಕೈಪಿಡಿಯಲ್ಲಿ ಜೂಜನ್ನು ಮದ್ಯ, ಡ್ರಗ್ಸ್ ಚಟಗಳ ಸಾಲಿಗೆ ಸೇರಿಸಿದ್ದೇ 2013ರಲ್ಲಿ. (ಕೈಕಾಲು ನಡುಗುವ ಕಾಯಿಲೆ ಪಾರ್ಕಿನ್ಸನ್ಸ್‌ಗೆ ಕೊಡುವ ಕೆಲವು ಮಾತ್ರೆಗಳಿಂದಲೂ ಕೆಲವರಿಗೆ ಜೂಜಿನ ಹುಚ್ಚು ಹತ್ತುತ್ತದೆ. ಇದು ಬರೀ ಬುದ್ಧಿಯ ಕೊರತೆ ಅನ್ನುವವರಿಗೆ ನಾನು ಇದನ್ನೇ ಹೇಳುವುದು.)

ಮನೆಯವರೂ ಗೊತ್ತಿಲ್ಲದೆ ಅಡ್ಡ ನಿಲ್ಲುತ್ತಾರೆ. ಮರ್ಯಾದೆಗೆ ಅಂಜಿ ಸಾಲ ಕಟ್ಟಿಬಿಡುತ್ತಾರೆ. ಅವನ ಲೆಕ್ಕದಲ್ಲಿ ಅದೂ ಒಂದು ಗೆಲುವೇ. ಮತ್ತೆ ಆಡಲು ಜಾಗ ಆಯಿತು.

ಹಾಗಾದರೆ ಏನು ಮಾಡುವುದು? ಅವನ ಕೈಗೆ ದುಡ್ಡು ಕೊಡಬೇಡಿ. 'ನಿನಗೆ ಚಟ ಇದೆ' ಅಂತ ಶುರು ಮಾಡಬೇಡಿ. ಸಾಲ ಯಾರಿಗೆಲ್ಲ ಎಷ್ಟೆಷ್ಟು ಅಂತ ಒಂದು ಹಾಳೆಯಲ್ಲಿ ಬರೆಯೋಣ, ಬಾ ಅನ್ನಿ. ಎಷ್ಟೋ ಜನ ಡಾಕ್ಟರ್ ಹತ್ತಿರ ಬರದಿದ್ದರೂ ಸಾಲದ ಮಾತಿಗೆ ಬರುತ್ತಾರೆ. ಸಾಲದ ಪಟ್ಟಿ ಪೂರ್ತಿ ಬರೆದರೆ ಮುಂದಿನ ಗೆಲುವು ಅದನ್ನು ತೀರಿಸುವುದಿಲ್ಲ ಅಂತ ಅವನಿಗೇ ಕಾಣುತ್ತದೆ. ಅವನು ಬರದಿದ್ದರೆ ಮೊದಲು ನೀವೇ ಹೋಗಿ ಕೌನ್ಸೆಲರ್ ಜೊತೆ ಮಾತಾಡಬಹುದು, ಅದಕ್ಕೆ ಅವನ ಒಪ್ಪಿಗೆ ಬೇಕಿಲ್ಲ. ಸಾಯುವ ಮಾತು ಅವನ ಬಾಯಲ್ಲಿ ಬಂದರೆ ಮಾತ್ರ ಇದ್ಯಾವುದಕ್ಕೂ ಕಾಯಬೇಡಿ. ಅವನನ್ನು ಒಬ್ಬನೇ ಬಿಡಬೇಡಿ, ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ.