ಕ್ಲೈಂಟ್ ‘ಸದ್ಯಕ್ಕೆ ತಡೆಯಿರಿ’ ಅಂದಾಗ

ಪ್ರಶ್ನೆ: ಮೇಡಂ, ನಮಸ್ಕಾರ. ಮೈಸೂರಿನಲ್ಲಿ ಮೆಡಿಕಲ್ ಬಿಲ್ಲಿಂಗ್ ಆಫೀಸು ನಡೆಸುತ್ತಿದ್ದೇನೆ, ಅಂದರೆ ಆಸ್ಪತ್ರೆ ಬಿಲ್ಲಿನ ಹಣಕ್ಕೆ ವಿಮಾ ಕಂಪನಿಗೆ ಕ್ಲೇಮ್ ಕಳಿಸುವ ಕೆಲಸ. 42 ಜನ ಇದ್ದಾರೆ. ಮೂವರು ಕ್ಲೈಂಟ್‌ಗಳು, ಮೂವರೂ ಅಮೆರಿಕದವರು. ಅದರಲ್ಲಿ ಒಬ್ಬರದೇ ಮೂರರಲ್ಲಿ ಎರಡು ಪಾಲು ಕೆಲಸ. ಅವರು ಇನ್ನೂ 15 ಸೀಟು, ಅಂದರೆ 15 ಜನರ ಕೆಲಸ, ಕೊಡುತ್ತೇವೆ ಅಂದಿದ್ದರು. ಅದನ್ನು ನಂಬಿ ಮೇಲಿನ ಮಹಡಿಯನ್ನೂ ಬಾಡಿಗೆಗೆ ಹಿಡಿದೆ. ಸಾಲ ಮಾಡಿ ಕಂಪ್ಯೂಟರ್ ಹಾಕಿಸಿದೆ. ಈಗ ‘ಯುದ್ಧ, ಸುಂಕ ಅಂತ ಎಲ್ಲಾ ಅಲ್ಲಾಡುತ್ತಿದೆ, ಮುಂದಿನ ಕ್ವಾರ್ಟರ್‌ನಲ್ಲಿ ನೋಡೋಣ’ ಅನ್ನುತ್ತಿದ್ದಾರೆ. ‘ಭಾರತದ ಹೊರಗೆ ನಿಮಗೆ ಇನ್ನೊಂದು ಆಫೀಸು ಇದೆಯಾ’ ಅಂತಲೂ ಕೇಳಿದರು. ಇರುವ ಕೆಲಸವೂ ಹೋಗುತ್ತದಾ? ರಾತ್ರಿ ನಿದ್ದೆ ಬರುತ್ತಿಲ್ಲ.
– ಹೆಸರು ಬೇಡ, ಮೈಸೂರು

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮ್ಮ ಕ್ಲೈಂಟ್ ಎರಡು ಬೇರೆ ಬೇರೆ ಭಯಗಳನ್ನು ಒಂದೇ ಉಸಿರಲ್ಲಿ ಹೇಳಿದ್ದಾರೆ. ‘ಮುಂದಿನ ಕ್ವಾರ್ಟರ್‌ನಲ್ಲಿ ನೋಡೋಣ’ ಅನ್ನುವುದು ದುಡ್ಡಿನ ಭಯ. ‘ಇನ್ನೊಂದು ಆಫೀಸು ಇದೆಯಾ’ ಅನ್ನುವುದು ಜಾಗದ ಭಯ. ಒಂದರ ಮದ್ದು ಇನ್ನೊಂದಕ್ಕೆ ಹತ್ತುವುದಿಲ್ಲ. ಜಾಗದ ಭಯಕ್ಕೆ ರೇಟು ಇಳಿಸಿ ಕೈ ಸುಟ್ಟುಕೊಂಡವರನ್ನು ನಾನು ನೋಡಿದ್ದೇನೆ.

ಮೊದಲು ಜಾಗದ ಭಯ. 2002ರ ಜೂನ್ ಮೊದಲ ವಾರ ನನಗೆ ಚೆನ್ನಾಗಿ ನೆನಪಿದೆ. ಸಂಸತ್ತಿನ ಮೇಲೆ ದಾಳಿ ನಡೆದು ಆರು ತಿಂಗಳಾಗುತ್ತಾ ಬಂದಿತ್ತು. ಗಡಿಯಲ್ಲಿ ಭಾರತ, ಪಾಕಿಸ್ತಾನ ಎರಡೂ ದೇಶದ ಸೇನೆ ಎದುರುಬದುರು ನಿಂತಿತ್ತು. ಭಾರತದಲ್ಲಿರುವ ತನ್ನ ಜನ ಹೊರಟು ಬರುವುದು ಒಳ್ಳೆಯದು ಅಂತ ಅಮೆರಿಕ ಸೂಚನೆ ಕೊಟ್ಟಿತ್ತು. ಆಗ ನಾನು ಬೆಂಗಳೂರಿನ ಒಂದು ಬಿಪಿಒದಲ್ಲಿ (ಬೇರೆ ಕಂಪನಿಗಳ ಕೆಲಸ ಮಾಡಿಕೊಡುವ ಆಫೀಸು) ಟ್ರಾನ್ಸಿಷನ್ ನೋಡಿಕೊಳ್ಳುತ್ತಿದ್ದೆ. ಅಂದರೆ ಕ್ಲೈಂಟ್ ಊರಿನಲ್ಲಿ ನಡೆಯುವ ಕೆಲಸವನ್ನು ಕಲಿತು ಇಲ್ಲಿಗೆ ತರುವುದು. ಬರಬೇಕಿದ್ದ ಇಬ್ಬರು ಟ್ರೈನರ್‌ಗಳು ಟಿಕೆಟ್ ರದ್ದು ಮಾಡಿಸಿದರು. ಅವರ ಮ್ಯಾನೇಜರ್ ಫೋನ್ ಮಾಡಿ ಕೇಳಿದ, ‘ಗಡಿಯಿಂದ ನೀವು ಎಷ್ಟು ದೂರ ಇದ್ದೀರಿ?’ ಶ್ರೀನಗರ ಇಲ್ಲಿಂದ ಎರಡು ಸಾವಿರ ಕಿಲೋಮೀಟರ್‌ಗೂ ಜಾಸ್ತಿ ಅಂದೆ. ಆ ಕಡೆಯಿಂದ ಮಾತೇ ಇಲ್ಲ. ಸಮಾಧಾನ ಆಗಲಿಲ್ಲ ಅಂತ ಗೊತ್ತಾಯಿತು.

ಎರಡು ದಿನ ಬಿಟ್ಟು ಅವನೇ ಬಿಡಿಸಿ ಹೇಳಿದ. ಅವನ ಮೇಲಿನವರು ಕೇಳಿದ್ದು ಇಷ್ಟೇ: ‘ಇಂಡಿಯಾದಲ್ಲಿ ಏನಾದರೂ ಆದರೆ ಮಾರನೇ ದಿನ ಬೆಳಗ್ಗೆ ಈ ಕೆಲಸ ಮಾಡುವವರು ಯಾರು?’ ಹೇಳಲು ಅವನ ಹತ್ತಿರ ಹೆಸರೇ ಇರಲಿಲ್ಲ. ಆ ವಾರ ನಾವು ಕೂತು ಒಂದು ಹಾಳೆ ತಯಾರು ಮಾಡಿದೆವು. ಯಾವ ಕೆಲಸ, ಯಾರು ಮಾಡುತ್ತಾರೆ, ಎಲ್ಲಿಂದ, ಎಷ್ಟು ಗಂಟೆಯೊಳಗೆ. ಹೆಸರು, ಫೋನ್ ನಂಬರ್ ಸಮೇತ. ನಡೆಯುತ್ತಿದ್ದ ಕೆಲಸ ಒಂದೂ ಕೈ ಬಿಡಲಿಲ್ಲ. ಬರಬೇಕಿದ್ದ ಹೊಸ ಕೆಲಸ ಮಾತ್ರ ಐದು ತಿಂಗಳು ತಡವಾಗಿ ಬಂತು.

ಇದು ನನ್ನೊಬ್ಬಳ ಅನುಭವ ಅಂದುಕೊಳ್ಳಬೇಡಿ. ಉಕ್ರೇನ್ ನೋಡಿ. 2022ರ ಫೆಬ್ರುವರಿ 24ರಂದು ರಷ್ಯಾ ನುಗ್ಗಿದಾಗ ಇಪ್ಯಾಮ್ ಅನ್ನುವ ಅಮೆರಿಕದ ಸಾಫ್ಟ್‌ವೇರ್ ಕಂಪನಿಗೆ ಅಲ್ಲಿ ಸುಮಾರು 14,000 ಜನ ಕೆಲಸಗಾರರಿದ್ದರು. ನಾಲ್ಕೇ ದಿನಕ್ಕೆ ಆ ಕಂಪನಿ ‘ಈ ವರ್ಷದ ಆದಾಯದ ಅಂದಾಜು ಹೇಳಲಾಗದು’ ಅಂದಿತು. ಒಂದೇ ದಿನದಲ್ಲಿ ಷೇರು ಬೆಲೆ ಹೆಚ್ಚುಕಮ್ಮಿ ಅರ್ಧಕ್ಕೆ ಬಿತ್ತು. ಉಕ್ರೇನಿನ ಐಟಿ ಕಥೆ ಮುಗಿಯಿತು ಅಂತಲೇ ಎಲ್ಲರೂ ಅಂದುಕೊಂಡರು. ಆದರೆ 2021ರಲ್ಲಿ ಆ ದೇಶದ ಐಟಿ ರಫ್ತು ಸುಮಾರು 690 ಕೋಟಿ ಡಾಲರ್ ಇದ್ದದ್ದು, ಯುದ್ಧದ ಆ ಮೊದಲ ವರ್ಷ 730 ಕೋಟಿಗೆ ಏರಿತು! ಜನ ಲ್ಯಾಪ್‌ಟಾಪ್ ಹಿಡಿದು ಖಾರ್ಕಿವ್‌ನಿಂದ ಲಿವಿವ್‌ಗೆ ಹೋದರು, ಪೋಲೆಂಡ್‌ಗೆ ಹೋದರು. ಚಳಿಗಾಲದಲ್ಲಿ ವಿದ್ಯುತ್ ಸ್ಥಾವರಗಳ ಮೇಲೆ ಬಾಂಬ್ ಬಿದ್ದಾಗ ಜನರೇಟರ್ ಹಾಕಿಕೊಂಡು, ಸ್ಟಾರ್‌ಲಿಂಕ್ ಉಪಗ್ರಹ ಇಂಟರ್ನೆಟ್ ಹಿಡಿದು ಕೆಲಸ ಮುಗಿಸಿದರು. ಪೆಟ್ಟು ಬಿದ್ದದ್ದು ಮಾರನೇ ವರ್ಷ. 2023ರಲ್ಲಿ ರಫ್ತು ಸುಮಾರು 670 ಕೋಟಿಗೆ ಇಳಿಯಿತು. ನನಗೆ ಕಾಣುವ ಕಾರಣ ಇದು: ಹಳೆಯ ಕ್ಲೈಂಟ್‌ಗಳು ಕೈ ಬಿಡಲಿಲ್ಲ, ಹೊಸಬರು ಹತ್ತಿರ ಬರಲಿಲ್ಲ.

ಹಾಗಾಗಿ ಇರುವ ಕೆಲಸ ನಾಳೆಯೇ ಹೋಗುತ್ತದೆ ಅಂತ ಹೆದರಬೇಡಿ. ನಿಮ್ಮ 42 ಜನರ ತಲೆಯಲ್ಲಿರುವ ವಿದ್ಯೆಯನ್ನು ಕ್ಲೈಂಟ್ ಒಂದು ತಿಂಗಳಲ್ಲಿ ಬೇರೆ ಕಡೆ ಸಾಗಿಸಲಾರರು. ಯಾವ ವಿಮಾ ಕಂಪನಿ ಯಾವ ಕೋಡಿಗೆ ಕ್ಲೇಮ್ ವಾಪಸ್ ಕಳಿಸುತ್ತದೆ ಅನ್ನುವುದು ನಿಮ್ಮ ಹುಡುಗಿಯರಿಗೆ ಬಾಯಿಪಾಠ, ಅಲ್ವಾ? ಅದು ಯಾವ ಮ್ಯಾನುಯಲ್‌ನಲ್ಲೂ ಪೂರ್ತಿ ಇರುವುದಿಲ್ಲ.

ಹಾಗಂತ ಸುಮ್ನೆ ಕೂರುವುದೂ ಬೇಡ. ಆ ಎರಡನೇ ಪ್ರಶ್ನೆಗೆ ಉತ್ತರ ಕೊಡಿ. ಅದಕ್ಕಾಗಿ ಫಿಲಿಪ್ಪೀನ್ಸ್‌ನ ಮನಿಲಾದಲ್ಲಿ ಆಫೀಸು ತೆರೆಯಬೇಕಿಲ್ಲ, ದಯವಿಟ್ಟು ಆ ಸಾಲಕ್ಕೆ ಕೈ ಹಾಕಬೇಡಿ. 2020ರ ಮಾರ್ಚ್‌ನಲ್ಲಿ ನಾವು ಕಲಿತದ್ದನ್ನು ಹೇಳುತ್ತೇನೆ. ಮನೆಯಿಂದ ಕೆಲಸ ಮಾಡಲು ದೂರಸಂಪರ್ಕ ಇಲಾಖೆ ನಿಯಮ ಸಡಿಲಿಸಿತು. ಲಾಕ್‌ಡೌನ್ ಶುರುವಾಗುವ ಹಿಂದಿನ ಎರಡು ದಿನ ನಾವು ಡೆಸ್ಕ್‌ಟಾಪ್‌ಗಳನ್ನು ಬೆಡ್‌ಶೀಟಿನಲ್ಲಿ ಸುತ್ತಿ ಟೆಂಪೊ ಟ್ರಾವೆಲರ್‌ಗಳಲ್ಲಿ ತುಂಬಿಸಿ ಕಳಿಸಿದೆವು. ಅರಸೀಕೆರೆ ಕಡೆಯ ಹುಡುಗಿಯೊಬ್ಬಳು ದಾರಿಯುದ್ದಕ್ಕೂ ಸಿಪಿಯು ತೊಡೆಯ ಮೇಲೇ ಇಟ್ಟುಕೊಂಡು ಹೋದಳು. ಮನೆಯಲ್ಲಿ ಸರಿಯಾದ ಪ್ಲಗ್ ಪಾಯಿಂಟ್ ಇದ್ದದ್ದು ಅಡುಗೆಮನೆಯಲ್ಲಿ ಮಾತ್ರ. ಮಿಕ್ಸಿ ಪಕ್ಕ ಮಾನಿಟರ್ ಇಟ್ಟು ರಾತ್ರಿ ಪಾಳಿ ಮಾಡಿದಳು. ಕರೆಂಟು ಹೋದರೆ ಯುಪಿಎಸ್ 20 ನಿಮಿಷ ಬರುತ್ತಿತ್ತು. ಅಷ್ಟರೊಳಗೆ ಕೈಯಲ್ಲಿದ್ದ ಕೆಲಸ ಸೇವ್ ಮಾಡಿ, ಮಂಗಳೂರಿನಲ್ಲಿದ್ದ ಜೊತೆಗಾರ್ತಿಗೆ ‘ನೀನು ತಗೋ’ ಅಂತ ಫೋನ್ ಮಾಡುತ್ತಿದ್ದಳು. ನಮ್ಮ ಬಿಸಿಪಿ ಪುಸ್ತಕ, ಅಂದರೆ ಆಪತ್ತು ಬಂದರೂ ಕೆಲಸ ನಿಲ್ಲದಂತೆ ಮಾಡುವ ಯೋಜನೆ, 80 ಪುಟ ಇತ್ತು. ಹಳ್ಳಿಯ ಕರೆಂಟಿನ ಬಗ್ಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ. ಆ ಇಬ್ಬರು ಹುಡುಗಿಯರು ತಾವೇ ಮಾಡಿಕೊಂಡ ವ್ಯವಸ್ಥೆಯೇ ನಮ್ಮನ್ನು ಉಳಿಸಿತು. ಈಗಲೂ ನೆನೆಸಿಕೊಂಡರೆ ಮನಸ್ಸು ತುಂಬಿ ಬರುತ್ತದೆ.

ನೀವು ಒಂದು ಶನಿವಾರ ಆಫೀಸಿನ ಮೇನ್ ಸ್ವಿಚ್ ಆರಿಸಿಬಿಡಿ. ಅರ್ಧ ಟೀಮು ಹಾಸನದಿಂದಲೋ ಮಂಗಳೂರಿನಿಂದಲೋ ಕೆಲಸ ಮಾಡಲಿ. ರೋಗಿಗಳ ಮಾಹಿತಿಯ ಗುಟ್ಟು ಕಾಪಾಡಲು ಅಮೆರಿಕದಲ್ಲಿ ಹಿಪಾ ಕಾನೂನು ಇರುವುದರಿಂದ ಕ್ಲೈಂಟ್ ಹತ್ತಿರ ಮೊದಲೇ ಬರವಣಿಗೆಯಲ್ಲಿ ಒಪ್ಪಿಗೆ ತಗೊಳ್ಳಿ. ಎಷ್ಟು ಕ್ಲೇಮ್ ಹೋಯಿತು, ಎಷ್ಟು ನಿಂತಿತು, ಏನು ಕೈ ಕೊಟ್ಟಿತು, ಎಲ್ಲವನ್ನೂ ಇದ್ದ ಹಾಗೇ ಬರೆದು ಅವರಿಗೆ ಕಳಿಸಿ. ಕೈ ಕೊಟ್ಟದ್ದನ್ನು ಮುಚ್ಚಿಡಬೇಡಿ. 2025ರ ಮೇ ತಿಂಗಳಲ್ಲಿ ಆಪರೇಷನ್ ಸಿಂಧೂರ ನಡೆದಾಗ ಉತ್ತರ ಮತ್ತು ಪಶ್ಚಿಮ ಭಾರತದ 32 ವಿಮಾನ ನಿಲ್ದಾಣ ಮುಚ್ಚಿದ ಸುದ್ದಿಯನ್ನು ನಿಮ್ಮ ಕ್ಲೈಂಟ್ ಕೂಡ ಓದಿರುತ್ತಾರೆ. ನಿಮ್ಮ ಕೆಲಸಕ್ಕೆ ಏನೂ ಆಗಲಿಲ್ಲ ಅಂತ ನಿಮಗೆ ಗೊತ್ತು. ಅವರಿಗೆ ಯಾರಾದರೂ ಹೇಳಿದ್ದೀರಾ?

ಇನ್ನು ದುಡ್ಡಿನ ಭಯ. ಇದು ವಿಚಿತ್ರವಾಗಿ ನಡೆದುಕೊಳ್ಳುತ್ತದೆ. ಮೊದಲು ಎಲ್ಲವನ್ನೂ ತಡೆಯುತ್ತದೆ, ಆಮೇಲೆ ಅದೇ ಭಯ ಕೆಲಸ ಹೊರಗೆ ಕಳಿಸುವಂತೆ ಮಾಡುತ್ತದೆ. 2008ರ ಸೆಪ್ಟೆಂಬರ್ 15ಕ್ಕೆ ಅಮೆರಿಕದ ಬ್ಯಾಂಕ್ ಲೆಹ್ಮನ್ ಬ್ರದರ್ಸ್ ದಿವಾಳಿಯಾಯಿತು. ಹೊಸ ಪ್ರಾಜೆಕ್ಟ್ ಎಲ್ಲಾ ನಿಂತವು. ಆದರೆ ಒಂದು ತಿಂಗಳೂ ಆಗಿರಲಿಲ್ಲ, ಅಲ್ಲಿನದೇ ಇನ್ನೊಂದು ಬ್ಯಾಂಕ್ ಸಿಟಿ ಗ್ರೂಪ್ ಭಾರತದಲ್ಲಿದ್ದ ತನ್ನದೇ ಬಿಪಿಒವನ್ನು ಸುಮಾರು 50 ಕೋಟಿ ಡಾಲರ್‌ಗೆ ಟಿಸಿಎಸ್‌ಗೆ ಮಾರುವುದಾಗಿ ಹೇಳಿತು. ಜೊತೆಗೆ ಒಂಬತ್ತೂವರೆ ವರ್ಷಕ್ಕೆ 250 ಕೋಟಿ ಡಾಲರ್‌ನ ಕೆಲಸವನ್ನೂ ಟಿಸಿಎಸ್‌ಗೇ ಕೊಡಲು ಒಪ್ಪಿತು. ಕೈಯಲ್ಲಿ ನಗದು ಬೇಕಾದಾಗ ಕಂಪನಿಗಳು ಹೀಗೇ ಯೋಚಿಸುತ್ತವೆ.

ನಿಮ್ಮದು ಆಸ್ಪತ್ರೆ ಬಿಲ್ಲು. ಯುದ್ಧ ಇದ್ದರೂ ಜನಕ್ಕೆ ಹೆರಿಗೆ ಆಗುತ್ತದೆ, ಕಾಲು ಮುರಿಯುತ್ತದೆ. ಚಿಕಿತ್ಸೆ ಆದ ಒಂದು ವರ್ಷದೊಳಗೆ ಮೆಡಿಕೇರ್‌ಗೆ (ಅಮೆರಿಕ ಸರ್ಕಾರದ ಆರೋಗ್ಯ ವಿಮೆ) ಕ್ಲೇಮ್ ಹೋಗದಿದ್ದರೆ ಸಾಮಾನ್ಯವಾಗಿ ಆ ದುಡ್ಡು ಮುಳುಗಿದ ಹಾಗೇ. ನಿಮ್ಮ ಕ್ಲೈಂಟ್‌ಗೆ ಇದು ನಿಮಗಿಂತ ಚೆನ್ನಾಗಿ ಗೊತ್ತು. ಅವರು ತಡೆದಿರುವುದು 15 ಸೀಟಿನ ಸಹಿಯನ್ನು. ಹಾಗಾಗಿ 15 ಬೇಡ, ನಾಲ್ಕು ಸೀಟು ಆರು ತಿಂಗಳಿಗೆ ಕೊಡಿ ಅಂತ ಕೇಳಿ. ದೊಡ್ಡ ಸಹಿಗೆ ಬೋರ್ಡ್ ಒಪ್ಪಿಗೆ ಬೇಕು. ಚಿಕ್ಕದನ್ನು ಅಲ್ಲಿನ ಮ್ಯಾನೇಜರೇ ಮಾಡಿಬಿಡಬಹುದು.

ಅವರು ಡಿಸ್ಕೌಂಟ್ ಕೇಳಿಯೇ ಕೇಳುತ್ತಾರೆ. 2022ರ ಆರಂಭದಲ್ಲಿ ಡಾಲರ್‌ಗೆ 75 ರೂಪಾಯಿ ಆಸುಪಾಸು ಇತ್ತು, 2025ರ ಡಿಸೆಂಬರ್‌ನಲ್ಲಿ 90 ದಾಟಿತು. ಅದೇ ಡಾಲರ್‌ಗೆ ನಿಮಗೆ ಹೆಚ್ಚು ರೂಪಾಯಿ ಸಿಗುತ್ತದೆ ಅನ್ನುವ ಲೆಕ್ಕ ಅವರಿಗೂ ಗೊತ್ತು. ರೇಟು ಬಿಡುವುದಾದರೆ ಬದಲಿಗೆ ಏನಾದರೂ ಪಡೆಯಿರಿ. ನಿಮ್ಮ ಕರಾರು ತೆಗೆದು ನೋಡಿ, ಕಾರಣ ಹೇಳದೆ 30 ದಿನದ ನೋಟಿಸ್‌ನಲ್ಲಿ ಬಿಡಬಹುದು ಅಂತ ಇರಬಹುದು. ಅದನ್ನು 90 ದಿನ ಮಾಡಿಸಿಕೊಳ್ಳಿ. ಬಿಲ್ ಹಣ 60 ದಿನದ ಬದಲು 30 ದಿನಕ್ಕೆ ಬರುವಂತೆ ಮಾಡಿಸಿಕೊಳ್ಳಿ. ನಿಮ್ಮಂಥ ಆಫೀಸಿಗೆ ಆ 60 ದಿನ ಅಂದರೆ 42 ಜನರ ಎರಡು ಸಂಬಳ.

ನಿಮ್ಮನ್ನು ನಿಜವಾಗಿ ಎಚ್ಚರಿಸಬೇಕಾದದ್ದು ಬೇರೆ. ಒಬ್ಬ ಕ್ಲೈಂಟ್ ಕೈಯಲ್ಲಿ ಮೂರರಲ್ಲಿ ಎರಡು ಪಾಲು! ಯುದ್ಧವೇ ಬೇಕಿಲ್ಲ, ಅಲ್ಲಿ ಒಬ್ಬ ಮ್ಯಾನೇಜರ್ ಬದಲಾದರೆ ಸಾಕು. ಮೇಲಿನ ಮಹಡಿ ಖಾಲಿ ಇಟ್ಟು ಕಾಯಬೇಡಿ, ಮಾಲೀಕರ ಒಪ್ಪಿಗೆ ತಗೊಂಡು ಸದ್ಯಕ್ಕೆ ಯಾರಿಗಾದರೂ ಒಳಬಾಡಿಗೆಗೆ ಕೊಡಿ. ಆ ಸಮಯದಲ್ಲಿ ನಾಲ್ಕನೇ ಕ್ಲೈಂಟ್ ಹುಡುಕಿ. ಆಗುವುದಾದರೆ ಈ ಸಲ ಅಮೆರಿಕ ಬಿಟ್ಟು ಬೇರೆ ಕಡೆ ಹುಡುಕಿ. ಹೊರಗೆ ಕಳಿಸುವ ಕೆಲಸದ ಹಣಕ್ಕೆ 25 ಪರ್ಸೆಂಟ್ ತೆರಿಗೆ ಹಾಕುವ ‘ಹೈರ್’ ಮಸೂದೆಯನ್ನು 2025ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಸೆನೆಟರ್ ಬರ್ನಿ ಮೊರೆನೊ ಮಂಡಿಸಿದ್ದಾರೆ. ಮಸೂದೆ ಮಂಡಿಸಿದ ಮಾತ್ರಕ್ಕೆ ಕಾನೂನು ಆಗುವುದಿಲ್ಲ. ಆದರೂ ಅಂಥ ಸುದ್ದಿ ಬಂದಾಗಲೆಲ್ಲ ಸಹಿ ಮಾಡುವ ಕೈ ತಡೆಯುತ್ತದೆ.

ನಿಮ್ಮ ಜನರಿಗೆ ವಿಷಯ ಹೇಳಿ. ಖಾಲಿ ಮಹಡಿ ಅವರಿಗೂ ಕಾಣುತ್ತಿರುತ್ತದೆ.

ಪ್ರಶ್ನೆ: ಮಗಳಿಗೆ ಕ್ಯಾಂಪಸ್‌ನಲ್ಲೇ ಐಟಿ ಕಂಪನಿ ಕೆಲಸ ಸಿಕ್ಕಿತು. ಆಫರ್ ಲೆಟರ್ ಬಂದು ಎಂಟು ತಿಂಗಳಾಯಿತು. ಸೇರುವ ದಿನ ಎರಡು ಸಲ ಮುಂದಕ್ಕೆ ಹೋಯಿತು. ಅವಳು ಬೇರೆ ಕಡೆ ಅರ್ಜಿ ಹಾಕಿದರೆ ಇದು ತಪ್ಪಿಹೋಗುತ್ತದೆ ಅಂತ ಹೆದರುತ್ತಾಳೆ.
– ಒಬ್ಬ ತಾಯಿ, ತಿಪಟೂರು

ಉತ್ತರ: ಅಮ್ಮಾ, ಮೇಲಿನ ಪತ್ರದಲ್ಲಿ 15 ಸೀಟು ತಡೆದರಲ್ಲ, ಅಂಥ ಒಂದು ಸೀಟು ನಿಮ್ಮ ಮಗಳದ್ದು. ಅವಳ ಕಡೆಯಿಂದ ತಪ್ಪೇನೂ ಆಗಿಲ್ಲ, ಇದನ್ನು ಅವಳಿಗೆ ಬಾಯಿಬಿಟ್ಟು ಹೇಳಿ. ಎಂಟು ತಿಂಗಳು ಮನೆಯಲ್ಲಿ ಕೂತ ಮಕ್ಕಳು ತಮ್ಮಲ್ಲೇ ಏನೋ ಕೊರತೆ ಇದೆ ಅಂದುಕೊಳ್ಳುತ್ತಾರೆ. ಬೇರೆ ಕಡೆ ಅರ್ಜಿ ಹಾಕಿದರೆ ಈ ಆಫರ್ ತಪ್ಪುವುದಿಲ್ಲ. ಸೇರುವ ತನಕ ಹುಡುಕುವ ಹಕ್ಕು ಅವಳಿಗಿದೆ. ಕಂಪನಿಗೆ ಒಂದು ಇಮೇಲ್ ಬರೆಯಲಿ, ಸೇರುವ ದಿನ ಯಾವಾಗ ಅಂತ ನೇರವಾಗಿ ಕೇಳಲಿ. ಬಂದ ಉತ್ತರ ಜೋಪಾನ ಮಾಡಲಿ. ತುಮಕೂರಿನಲ್ಲೋ ಬೆಂಗಳೂರಿನಲ್ಲೋ ಯಾವುದಾದರೂ ಚಿಕ್ಕ ಆಫೀಸಿನಲ್ಲಿ ಅಕೌಂಟ್ಸ್, ಟೆಸ್ಟಿಂಗ್, ಏನು ಸಿಕ್ಕರೂ ಈ ವಾರವೇ ಅರ್ಜಿ ಹಾಕಲಿ.