4 ವರ್ಷದ ಮಗು ರಾತ್ರಿ 11 ಆದರೂ ಮಲಗುವುದಿಲ್ಲ, ಬೆಳಗ್ಗೆ ಅಕ್ಷರ ಕಲಿಸಲು ಕೂರಿಸಿದರೆ ಅಳು. ಏನು ಮಾಡಲಿ?

ಮೊದಲು ನಿದ್ದೆ ಸರಿಮಾಡಿ, ಅಕ್ಷರ ಆಮೇಲೆ. 3–4 ವರ್ಷದ ಮಕ್ಕಳಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಮಧ್ಯಾಹ್ನದ ನಿದ್ದೆಯೂ ಇದರಲ್ಲೇ ಸೇರಿತು. ಹಗಲು ಕಲಿತದ್ದು ಗಟ್ಟಿಯಾಗಲು ನಿದ್ದೆ ಸಹಾಯ ಮಾಡುತ್ತದೆ. ನಿದ್ದೆಗೆಟ್ಟ ಮಗು ಎಷ್ಟೋ ಸಲ ದೊಡ್ಡವರ ಹಾಗೆ ತೂಕಡಿಸುವುದಿಲ್ಲ. ಹಟ ಮಾಡುತ್ತದೆ, ಕುಣಿಯುತ್ತದೆ. ನಾವು ಅದನ್ನು ನೋಡಿ ಇನ್ನೂ ನಿದ್ದೆ ಬಂದಿಲ್ಲ ಅಂದುಕೊಳ್ಳುತ್ತೇವೆ.

ಮಲಗಿಸುವ ಸಮಯಕ್ಕಿಂತ ಎಬ್ಬಿಸುವ ಸಮಯ ಹಿಡಿಯುವುದು ಸುಲಭ. ಭಾನುವಾರವೂ 7ಕ್ಕೇ ಎಬ್ಬಿಸಿ. ಸಂಜೆ ಹೊತ್ತು ಮಲಗಲು ಬಿಡಬೇಡಿ. 11ರಿಂದ ಒಮ್ಮೆಲೇ 9ಕ್ಕೆ ತರಲು ಹೋದರೆ ಜಗಳವೇ ಗತಿ. ಎರಡು ಮೂರು ದಿನಕ್ಕೊಮ್ಮೆ ಕಾಲು ಗಂಟೆ ಬೇಗ ಮಲಗಿಸುತ್ತಾ ಬನ್ನಿ. ಮಲಗುವ ಒಂದು ಗಂಟೆ ಮುಂಚೆ ಟಿವಿ, ಮೊಬೈಲ್ ಬಂದ್. ಟ್ಯೂಬ್‌ಲೈಟ್ ಆರಿಸಿ ಸಣ್ಣ ದೀಪ ಹಾಕಿ. ಜೋರು ಬೆಳಕು ನಿದ್ದೆಗೆ ಬೇಕಾದ ಮೆಲಟೋನಿನ್ ಎಂಬ ಹಾರ್ಮೋನನ್ನು ತಡೆಯುತ್ತದೆ, ಮಕ್ಕಳಲ್ಲಂತೂ ಜಾಸ್ತಿ. (ಧಾರಾವಾಹಿ ನೋಡುವ ಅಜ್ಜಿಯನ್ನು ಒಪ್ಪಿಸುವುದು ನಿಮಗೆ ಬಿಟ್ಟದ್ದು!)

ಇನ್ನು ಕಲಿಕೆ. ಈ ವಯಸ್ಸಿಗೆ ಸ್ಲೇಟು ಹಿಡಿಸಿ ಕೂರಿಸಲೇಬೇಕು ಅಂತೇನಿಲ್ಲ. ಅವರೆಕಾಯಿ ಬಿಡಿಸುವಾಗ ಪಕ್ಕ ಕೂರಿಸಿಕೊಳ್ಳಿ. ಈ ಕಾಯಲ್ಲಿ ಎಷ್ಟು ಕಾಳು, ಯಾವುದರಲ್ಲಿ ಜಾಸ್ತಿ, ಹುಳ ಎಲ್ಲಿದೆ? ಎಣಿಕೆಯೂ ಆಯಿತು, ಬೆರಳಿಗೆ ಕೆಲಸವೂ ಆಯಿತು. ರಾತ್ರಿ ಅದೇ ಕಥೆ ಮತ್ತೆ ಬೇಕು ಅಂದರೆ ಬೇಸರಿಸದೆ ಹೇಳಿ. ನಡುವೆ ನಿಲ್ಲಿಸಿ "ಆಮೇಲೆ?" ಅಂದರೆ ಮುಂದಿನದನ್ನು ಮಗುವೇ ಹೇಳುತ್ತದೆ.

ದಿನವೂ ಜೋರಾಗಿ ಗೊರಕೆ ಹೊಡೆದರೆ, ಬಾಯಲ್ಲಿ ಉಸಿರಾಡಿದರೆ ಮಾತ್ರ ಸುಮ್ನೆ ಬಿಡಬೇಡಿ, ಮಕ್ಕಳ ಡಾಕ್ಟರಿಗೆ ತೋರಿಸಿ.